ಹಿಟ್ಟಿನ ಡಬ್ಬದಲ್ಲಿ ಸ್ಪಾರ್ಕ್ ಪ್ಲಗ್

ಸ್ಪಾರ್ಕ್ ಪ್ಲಗ್ಗನ್ನು ಹಳೆಯ ಕರವಸ್ತ್ರದಲ್ಲಿ ಸುತ್ತಿ ಅವಳು ಹಿಟ್ಟಿನ ಡಬ್ಬದ ತಳಕ್ಕೆ ಒತ್ತಿದಳು. ಮೇಲೆ ಹಿಟ್ಟು ಎಳೆದು, ಮುಚ್ಚಳ ಬಿಗಿದು, ಎಡಗೈಗೆ ಮೆತ್ತಿದ್ದ ಗ್ರೀಸನ್ನು ಸೋಪಿನಲ್ಲಿ ಉಜ್ಜುವಷ್ಟರಲ್ಲಿ ಗೇಟು ಕಿರ್ರೆಂದಿತು. ಗಂಡ ಬಂದ. ಸೀದಾ ಶೆಡ್ಡಿಗೆ ಹೋದ.

ಅವಳು ಕಿಟಕಿಯ ಬಳಿ ನಿಂತಳು. ಶೆಡ್ಡಿನಿಂದ ಬೈಗುಳ ಬರಬೇಕಿತ್ತು. ಬಂದದ್ದು ಸೀಟಿ.

ಅದೇ ಅವಳನ್ನು ಹೆದರಿಸಿದ್ದು. ಮನಸ್ಸಿನಲ್ಲಿ ಕೊನೆಯ ತೀರ್ಮಾನ ಮಾಡಿಕೊಂಡವರು ಹೀಗೇ ಹಗುರಾಗಿಬಿಡುತ್ತಾರಂತೆ.

ಶೆಡ್ಡಿನಲ್ಲಿದ್ದ ಜೆಟ್ ಸ್ಕೀ, ನೀರಿನ ಮೇಲೆ ಓಡಿಸುವ ಸ್ಕೂಟರು, ಹಿಂದಿನ ತಿಂಗಳು ಟೆಂಪೋ ಹತ್ತಿ ಬಂದಿತ್ತು. ಯಾರೋ ಕಡಲ ದಂಡೆಯಲ್ಲಿ ಬಿಟ್ಟು ಮರೆತದ್ದನ್ನು ಇನ್ಯಾರೋ ಕೊಂಡು, ಅವರೂ ಬಿಟ್ಟು ಮರೆತಿದ್ದರು. ಸೀಟು ಹರಿದು ಸ್ಪಂಜು ಇಣುಕುತ್ತಿತ್ತು. ನೀರೆಳೆಯುವ ಬಾಯಿಯೊಳಗೆ ಹಕ್ಕಿಯ ಖಾಲಿ ಗೂಡೊಂದಿತ್ತು. ಗಂಡ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಸರದಿಂದ ಆಚೆ ಒಯ್ದಿದ್ದ. ಆದರೂ ಅವಳು ಕಂಡಿದ್ದಳು.

"ಅತ್ತಿಗೇ, ಅಣ್ಣ ನಿಮಗೊಬ್ಬಳು ಸವತಿ ತಂದಿದ್ದಾನೆ. ಅದೂ ತುಕ್ಕು ಹಿಡಿದ ಸವತಿ!" ನಾದಿನಿ ಕೋಣೆಯ ಬಾಗಿಲಲ್ಲಿ ನಿಂತು ನಕ್ಕಿದ್ದಳು. ಅಣ್ಣ ಕರೆದನೆಂದು ಬಂದವಳು ಈಗ ಇಲ್ಲೇ ಇದ್ದಾಳೆ. ಅಡುಗೆಯೂ ಅವಳದೇ.

"ಇದ್ಯಾಕ್ರೀ ಈಗ? ನಿಮಗೆ ಈಜೋಕೂ ಬರಲ್ಲ," ಎಂದು ಇವಳು ಗಂಡನನ್ನು ಕೇಳಿದ್ದಳು.

"ಸರಿ ಮಾಡ್ಕೊಂಡು ದೂರ ಹೋಗ್ಬಿಡ್ತೀನಿ ಕಣೇ."

"ಒಬ್ರೇನಾ?"

"ನೀನು ಬರ್ತೀಯಾ?"

ಅವಳು ಹಾಸಿಗೆಯಲ್ಲೇ ಗೋಡೆಯ ಕಡೆ ಹೊರಳಿದ್ದಳು.

ಆಸ್ಪತ್ರೆಯಿಂದ ಇಬ್ಬರೂ ಬರಿಗೈಯಲ್ಲಿ ಮರಳಿದ ಮೇಲೆ ಅವನು ಒಮ್ಮೆಯೂ ಅತ್ತಿರಲಿಲ್ಲ. ತೊಟ್ಟಿಲನ್ನು ತಾನೇ ಬಿಚ್ಚಿ ಅಟ್ಟಕ್ಕೆ ಹಾಕಿದ. ಕೆಲಸಕ್ಕೆ ರಜೆ ಹಾಕಿದ. ಗಂಡಸರ ದುಃಖ ಒಳಗೊಳಗೇ ಹೆಪ್ಪುಗಟ್ಟುತ್ತದೆ, ಆಮೇಲೆ ಒಂದು ದಿನ ಅವರನ್ನೇ ಹೊತ್ತುಕೊಂಡು ಹೋಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ಕಾರಣಗಳೂ ಸಿಕ್ಕವು. ಕಪಾಟಿನಲ್ಲಿದ್ದ ನಿದ್ದೆ ಮಾತ್ರೆಯ ಡಬ್ಬಿ ಮಾಯವಾಗಿ ಅವನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡು ಕಂಡಿತು. ಟೆರೇಸಿನ ಬಾಗಿಲಿಗೆ ಹೊಸ ಬೀಗ ಬಿತ್ತು. ಬೀಗದ ಕೈ ಅವನ ಹತ್ತಿರವೇ. ದಿನಕ್ಕೊಮ್ಮೆ ಶೆಡ್ಡಿನ ಹಿಂದೆ ನಿಂತು, ಯಾರಿಗೂ ಕೇಳದ ಹಾಗೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದ.

ಕೇಳಿದರೆ ಹೇಳುವವನಲ್ಲ. ಅಳುವವನೂ ಅಲ್ಲ. ಹಾಗಿದ್ದರೆ ಆ ಗಾಡಿ ನೀರಿಗಿಳಿಯದಂತೆ ನೋಡಿಕೊಳ್ಳುವುದೊಂದೇ ಅವಳಿಗೆ ಉಳಿದ ದಾರಿ.

ಅವನೇ ಊಟದ ಹೊತ್ತಿಗೆ ಸುಳಿವು ಕೊಡುತ್ತಿದ್ದ. "ನಾಳೆ ಬ್ಯಾಟರಿ ಕೂರಿಸಿದ್ರೆ ಅರ್ಧ ಮುಗೀತು." ಮರುದಿನ ಅವನು ಪೇಟೆಗೆ ಹೊರಟೊಡನೆ ಇವಳು ಎದ್ದು, ತಲೆ ತಿರುಗುವುದು ನಿಲ್ಲುವವರೆಗೆ ಮಂಚ ಹಿಡಿದು ನಿಂತು, ಶೆಡ್ಡಿಗೆ ಹೋಗುತ್ತಿದ್ದಳು. ಅದಕ್ಕೆ ಬೀಗ ಹಾಕುವುದನ್ನು ಮಾತ್ರ ಅವನು ಪ್ರತಿಸಲವೂ ಮರೆಯುತ್ತಿದ್ದ. ಸ್ಪ್ಯಾನರೂ ಎಡಚಿಯಾದ ಅವಳ ಕೈಗೆ ಸಿಗುವಂತೆ ಎಡಬದಿಯಲ್ಲೇ ಬಿದ್ದಿರುತ್ತಿತ್ತು. ಬ್ಯಾಟರಿಯ ತಂತಿ ಹಳೇ ಬೂಟಿನೊಳಗೆ ಸೇರಿತು. ಪೆಟ್ರೋಲ್ ಪೈಪು ದಿಂಬಿನ ಚೀಲಕ್ಕೆ. ಈಗ ಪ್ಲಗ್ಗು.

ಕದ್ದ ದಿನ ಅವಳಿಗೆ ವಿಪರೀತ ಹಸಿವಾಗುತ್ತಿತ್ತು.

"ಅಣ್ಣಾ, ಅತ್ತಿಗೆ ಇವತ್ತು ಎರಡನೇ ಸಲ ಬಡಿಸ್ಕೊಂಡ್ರು!" ಎಂದು ನಾದಿನಿ ಡಂಗುರ ಸಾರಿದಾಗ ಅವಳಿಗೆ ರೇಗಿತು. ಅಣ್ಣ ಮುಳುಗಿಹೋಗುವುದರಲ್ಲಿದ್ದಾನೆ, ತಂಗಿಗೆ ತಟ್ಟೆಯ ಚಿಂತೆ.

ಮರುದಿನ ಗ್ಯಾರೇಜಿನವನು ಹೊಸ ಪ್ಲಗ್ಗು ಹಿಡಿದು ಬಂದ. ಗಂಡ ಮನೆಯಲ್ಲಿರಲಿಲ್ಲ. ಅವಳು ಗೇಟಿನ ತನಕ ಓಡಿದಳು.

"ದಮ್ಮಯ್ಯ, ಇದನ್ನ ರಿಪೇರಿ ಮಾಡ್ಕೊಡಬೇಡ."

"ಅಯ್ಯೋ ಅಕ್ಕಾ, ಇದು ನೆಚ್ಕೊಳ್ಳೋ ಗಾಡಿನೇ ಅಲ್ಲ. ಉಪ್ಪುನೀರು ಒಳಗೆಲ್ಲ ತಿಂದ್ಹಾಕಿದೆ. ಸ್ಟಾರ್ಟ್ ಆದ್ರೂ ನಡುನೀರಲ್ಲಿ ಕೈಕೊಡುತ್ತೆ. ಕೊಳ್ಳೋವಾಗ್ಲೇ ಹೇಳ್ದೆ, ಪಕ್ಕದಲ್ಲೇ ಒಳ್ಳೇದೊಂದಿದೆ, ತಗೊಳ್ಳಿ ಅಂತ. 'ಬೇಡಪ್ಪ, ನಂಗೆ ಕೆಟ್ಟಿರೋದೇ ಬೇಕು' ಅಂದ್ರು. ಏನು ಯಜಮಾನ್ರೋ ನಿಮ್ಮೋರು!" ಅವನು ಪ್ಲಗ್ಗನ್ನು ಅವಳ ಕೈಗೇ ಕೊಟ್ಟು, ನಗುತ್ತಾ ಹೋದ.

ಅವಳಿಗೆ ನಗು ಬರಲಿಲ್ಲ. ನಡುನೀರಲ್ಲಿ ಕೈಕೊಡುವ ಗಾಡಿಯೇ ಬೇಕಿತ್ತು ಅವನಿಗೆ. ಜನ ಅಪಘಾತ ಅನ್ನುತ್ತಾರೆ. ಯಾರೂ ಹೆಂಡತಿಯನ್ನು ದೂರುವುದಿಲ್ಲ. ಎಷ್ಟು ಯೋಚಿಸಿದ್ದಾನೆ!

ಇನ್ನು ಪ್ಲಗ್ಗು, ಪೈಪುಗಳ ಆಟ ಸಾಲದು. ಅವಳು ಕೂದಲನ್ನು ಗಂಟು ಹಾಕಿ, ತೋಳು ಮೇಲೇರಿಸಿ, ಎಂಜಿನ್ನಿನ ಮುಂದೆ ಮಂಡಿಯೂರಿದಳು. ಬೋಲ್ಟುಗಳು ಮೊಂಡು ಹಿಡಿದಿದ್ದವು. ಒಂದು ಜಾರಿ ಬೆರಳು ಕೊಯ್ಯಿತು. ಎಷ್ಟೋ ದಿನಗಳ ಮೇಲೆ ಅವಳ ಮೈ ಬೆವರಿತು. ಬೈಯುತ್ತಾ, ತಿರುಚುತ್ತಾ, ಕಡೆಗೂ ಇಡೀ ಕಾರ್ಬ್ಯುರೇಟರನ್ನೇ ಬಿಚ್ಚಿ ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಮನೆಯತ್ತ ನಡೆದಳು. ಎತ್ತಿಕೊಂಡ ಬಗೆ ತನಗೇ ಹೊಳೆದು, ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತು ಮೊದಲ ಸಲ ಜೋರಾಗಿ ಅತ್ತಳು.

ಸಂಜೆ ಗಂಡ ಶೆಡ್ಡಿಗೆ ಹೋದ. ಈ ಸಲ ಸೀಟಿಯಿಲ್ಲ. ಅವಳು ಬರಿಗಾಲಲ್ಲಿ ಶೆಡ್ಡಿನ ಗೋಡೆಯವರೆಗೆ ಹೋಗಿ ಕಿವಿಗೊಟ್ಟಳು. ಅವನು ಬಿಕ್ಕುತ್ತಿದ್ದ. ಸಂದಿಯಲ್ಲಿ ಇಣುಕಿದರೆ, ಫೋನು ಕಿವಿಯಲ್ಲಿತ್ತು.

"ಇಲ್ಲ ಡಾಕ್ಟ್ರೇ, ಮಾತ್ರೆ ಡಬ್ಬಿ ಅವಳ ಕೈಗೆ ಸಿಗೋ ಹಾಗಿಟ್ಟಿಲ್ಲ, ಟೆರೇಸಿನ ಬೀಗದ ಕೈನೂ ನನ್ನ ಹತ್ರಾನೇ ಇದೆ. ಆದ್ರೆ ಇನ್ನು ಭಯ ಇಲ್ಲ ಅನ್ಸುತ್ತೆ. ಇವತ್ತೂ ತಾನಾಗೇ ಹಾಸಿಗೆ ಬಿಟ್ಟೆದ್ದಿದ್ದಾಳೆ, ಕಾರ್ಬ್ಯುರೇಟರನ್ನೇ ಕದ್ದಿದ್ದಾಳೆ!"