ನೀರು ಕುಡಿಯುವ ಕಲ್ಲು

ಅಂಕೋಲೆಯ ಕಡಲು ಹಿಂದೆ ಸರಿದು ಹೋದ ಮೇಲೆ, ಮೀನು ಮಾರುತ್ತಿದ್ದ ಹೆಂಗಸರು ಆ ಒಣ ಮರಳಿನಲ್ಲಿ ಚಿನ್ನ ಹುಡುಕಿ ಬದುಕುತ್ತಿದ್ದರು. ಅಂದು ಮುಂಜಾನೆ ಮಂಕಾಳಿ ತನ್ನ ಅತ್ತಿಗೆ ಗುಲಾಬಿಯ ಜೊತೆ ದಡದಿಂದ ಬಹುದೂರ ಬಂದಿದ್ದಳು. ಚಿನ್ನ ಪತ್ತೆಹಚ್ಚುವ ಯಂತ್ರ ಕೂಗಿತು. ಮರಳು ಸರಿಸಿದರೆ ಕಪ್ಪು ಕಲ್ಲೊಂದು, ಅದರ ಮೈತುಂಬ ಬಂಗಾರದ ಎಳೆ.

ಗುರುತಿಲ್ಲದ ಕಲ್ಲನ್ನು ಅಲ್ಲಿ ಯಾರೂ ಹಾಗೇ ಮುಟ್ಟುವುದಿಲ್ಲ. ಮಂಕಾಳಿ ಒದ್ದೆ ಬತ್ತಿಯೊಂದನ್ನು ಅದಕ್ಕೆ ತಾಗಿಸಿದಳು. ಬತ್ತಿ ಆ ಕ್ಷಣವೇ ಒಣಗಿ ಗರಿಗರಿಯಾಯಿತು.

"ಅತ್ತಿಗೆ, ಇದು ನೀರು ಕುಡಿಯೂ ಕಲ್ಲು. ಬಿಟ್ಬಿಡ್ವಾ."

"ಇಷ್ಟು ಬಂಗಾರ ಬಿಟ್ಟು ಹೋಗೂಕಾಗ್ತದ್ಯೇನೆ? ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕ್ವಾ."

ಎತ್ತುವಾಗ ಇಕ್ಕಳ ಜಾರಿತು. ಬೀಳುವ ಕಲ್ಲನ್ನು ಗುಲಾಬಿ ಬರಿಗೈಯಲ್ಲೇ ಹಿಡಿದುಬಿಟ್ಟಳು. ಅದು ಅಂಗೈಗೆ ಅಂಟಿತು. ಬೆರಳುಗಳು ಕಣ್ಣೆದುರೇ ಸುಕ್ಕುಗಟ್ಟತೊಡಗಿದವು. ಕಿತ್ತರೆ ಚರ್ಮವೂ ಬರುತ್ತದೆ, ದಾಹ ತೀರಿದರೆ ಮಾತ್ರ ಕಲ್ಲು ತಾನಾಗಿ ಬಿಡುತ್ತದೆ ಎಂದು ಮಂಕಾಳಿಗೆ ಗೊತ್ತಿತ್ತು. ಅವಳು ನೀರಿನ ಕ್ಯಾನು ಬಗ್ಗಿಸಿ ಆ ಕೈಮೇಲೆ ಸುರಿಯತೊಡಗಿದಳು.

"ನಮಗೆ ಒಂದು ಗುಟುಕಾದ್ರೂ ಇಟ್ಕಳ್ಳೇ," ಎಂದಳು ಗುಲಾಬಿ.

"ನೀ ಸುಮ್ನಿರು ಅತ್ತಿಗೆ."

ಕ್ಯಾನು ಬರಿದಾಗುವ ಹೊತ್ತಿಗೆ ಕಲ್ಲು ಕಳಚಿ ಬಿತ್ತು. ಇಬ್ಬರೂ ಅದನ್ನು ಬಂಗಾರದ ಸಮೇತ ಅಲ್ಲೇ ಹೂತು, ಬೇರೆಯವರು ಅಗೆಯದಿರಲೆಂದು ಮೇಲೆ ಕೆಂಪು ಬಟ್ಟೆಯ ಕೋಲು ನೆಟ್ಟು ಹಿಂದಿರುಗಿದರು. ಇಬ್ಬರ ಬಾಯಿಯೂ ಒಣಗಿತ್ತು. ಮುಟ್ಟಿದ್ದೂ ತಿಳಿಯದಂತೆ ಮರಗಟ್ಟಿದ್ದ ಗುಲಾಬಿಯ ಕೈಯನ್ನು ಮಂಕಾಳಿ ದಾರಿಯುದ್ದಕ್ಕೂ ಹಿಡಿದೇ ನಡೆದಳು.

ಹಳೆಯ ಬಂದರಿನ ಗೋಡೆ ಕಾಣಿಸಿದಾಗ ಗುಲಾಬಿ ತಟ್ಟನೆ ನಿಂತಳು.

"ಮಂಕಾಳಿ, ನಿನ್ನ ಕೈ ಎಷ್ಟು ಬೆವತದ್ಯೇ!"

ಮಂಕಾಳಿ ನಗುತ್ತಾ ಆ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.