ಶುದ್ಧ ಪ್ರತಿ

ಮ್ಯಾನೇಜರ್ ಕೈ ಚಾಚಿ ನಿಂತಿದ್ದ. ಅನಂತರಾಜು ಬ್ಯಾಗಿನಿಂದ ಅರ್ಧ ಎಳೆದಿದ್ದ ಹಾಳೆಗಳನ್ನು ಮತ್ತೆ ಒಳಕ್ಕೆ ತುರುಕಿದ.

"ಮನೇಲಿ ಬಿಟ್ಟು ಬಂದಿದೀನಿ ಸಾರ್. ಹೋಗಿ ತಂದುಬಿಡ್ತೀನಿ."

"ಬೆಂಕಿ ಬಿದ್ರೆ ಏನು ಮಾಡಬೇಕು ಅನ್ನೋ ನೋಟೀಸನ್ನೇ ಮರೆತು ಬರ್ತೀಯಲ್ಲಯ್ಯಾ! ನಾಳೆ ಇನ್‌ಸ್ಪೆಕ್ಷನ್ನು. ಸಂಜೆಯೊಳಗೆ ಗೋಡೆ ಮೇಲೆ ಇರಬೇಕು."

ಮನೆಯಲ್ಲಿ ಬಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟ ಜಾಗಕ್ಕೆ, ಸೋಮವಾರವೇ ಕಳಿಸಿದ್ದ. ಬ್ಯಾಗಿನಲ್ಲಿದ್ದದ್ದು ಅವನ ಹೊಸ ಪೋಲಿ ಕಥೆ. ಅಂದರೆ ನೋಟೀಸು ಆ ಕಥೆ ಹೋಗಬೇಕಾದ ದಾರಿ ಹಿಡಿದಿತ್ತು. ಅದರ ಮೇಲೆ ಕಂಪನಿಯ ಹೆಸರು, ಕೆಳಗೆ ಅವನ ಹೆಸರು, ಹುದ್ದೆ. ಪೋಲಿ ಪುಸ್ತಕದಲ್ಲಿ ಅದು ಅಚ್ಚಾಗಿ ಬಂದರೆ ಕೆಲಸ ಹೋಗುತ್ತದೆ. ಕೆಲಸಕ್ಕಿಂತ ಮೊದಲು ಮಾನ.

ಬಿಡದಿಯ ಎಸ್‌ಟಿಡಿ ಬೂತಿನಿಂದ ತನ್ನ ಕಥೆ ಅಚ್ಚು ಹಾಕುವ ರಾಮನಗರದ ಪ್ರೆಸ್ಸಿಗೆ ಫೋನು ಮಾಡಿದ. ಎಂಗೇಜು. ಮತ್ತೆ ಎಂಗೇಜು. ಸಿಕ್ಕ ಬಸ್ಸು ಹತ್ತಿದ.

ಶನಿವಾರ ಬರೆದ ಕಥೆಯನ್ನು ಅವನು ಅಕ್ಕಿ ಡಬ್ಬದ ಕೆಳಗೆ ಇಡುತ್ತಿದ್ದ. ಅವನ ಅಕ್ಷರ ಕೋಳಿ ಕೆದರಿದ ಹಾಗೆ. ಮೊದಲೆರಡು ಪುಸ್ತಕ ತಪ್ಪುತಪ್ಪಾಗಿ ಅಚ್ಚಾಗಿ, ಕೊಳ್ಳುವವರಿಲ್ಲದೆ ಬಂಡಲುಗಟ್ಟಲೆ ವಾಪಸು ಬಂದಿದ್ದವು. ಆಗ ಹೆಂಡತಿ ಭಾನುಪ್ರಿಯ, "ಕೊಡಿ, ನಾನು ಶುದ್ಧ ಪ್ರತಿ ಮಾಡ್ತೀನಿ" ಅಂದಳು. ಪಿಯುಸಿ ಓದಿದವಳು, ದುಂಡಗಿನ ಅಕ್ಷರ. ಆ ವಿಷಯವಾಗಿ ಅವರಿಬ್ಬರ ನಡುವೆ ನಡೆದ ಮಾತು ಅದೊಂದೇ. ಅಂದಿನಿಂದ ಸೋಮವಾರ ಬೆಳಿಗ್ಗೆ ಚನ್ನಪಟ್ಟಣದ ಮನೆಯಲ್ಲಿ ಅವನ ಊಟದ ಡಬ್ಬಿಯ ಪಕ್ಕ ಪಿನ್ನು ಹೊಡೆದ ಕವರು ಇರುತ್ತಿತ್ತು. ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ರಾಮನಗರದಲ್ಲಿಳಿದು, ದಾಸಪ್ಪನ ಪ್ರೆಸ್ಸಿಗೆ ಅದನ್ನು ಕೊಟ್ಟು ಹೋಗುತ್ತಿದ್ದ. ಪಿನ್ನು ಬಿಚ್ಚಿ ನೋಡುವ ಧೈರ್ಯ ಒಂದು ದಿನವೂ ಬಂದಿರಲಿಲ್ಲ.

ಭಾನುವಾರ ನೀರು ಕಾಯಿಸುವಾಗ ಅವಳು ಅವನ ಹಾಳೆಗಳನ್ನು ಒಂದೊಂದಾಗಿ ಒಲೆಗೆ ಹಾಕುವುದನ್ನು ಕಂಡಿದ್ದ. ಮೈಲಿಗೆ ಸುಡುವವಳ ಹಾಗೆ, ಪೂರ್ತಿ ಬೂದಿಯಾಗುವ ತನಕ ಅಲ್ಲೇ ಕೂತಿರುತ್ತಿದ್ದಳು. ಆ ನೀರಲ್ಲಿ ಸ್ನಾನ ಮಾಡಿದರೆ ಮೈಯೆಲ್ಲ ಕೊಳೆ ಅಂಟಿದಂತಾಗುತ್ತಿತ್ತು ಅವನಿಗೆ.

ಒಮ್ಮೆ ಭಾನುವಾರ ಮಧ್ಯಾಹ್ನ ಅವಳು ಬರೆಯುತ್ತಿದ್ದಾಗ ಗೊತ್ತಿಲ್ಲದೆ ಒಳಗೆ ಹೋಗಿದ್ದ. ಅವಳ ಮುಖ ಕೆಂಪಾಗಿತ್ತು, ತುಟಿಯ ಮೇಲೆ ಬೆವರು. ತಟ್ಟನೆ ಅಂಗೈಯಿಂದ ಹಾಳೆ ಮುಚ್ಚಿಕೊಂಡಳು. ಮದುವೆಯಾಗಿ ಕರೆತಂದವಳ ಕೈಲಿ ಎಂಥದ್ದನ್ನು ಬರೆಸುತ್ತಿದ್ದೇನೆ ಅನ್ನಿಸಿ ಅವನು ಹಿಂದೆ ಸರಿದಿದ್ದ. ಅಸಹ್ಯಕ್ಕೆ ಕಣ್ಣು ಅರ್ಧ ಮುಚ್ಚಿಕೊಂಡೇ ಬರೆಯುತ್ತಾಳೆ, ಕೊಟ್ಟದ್ದನ್ನು ಕೊಟ್ಟ ಹಾಗೆ ಇಳಿಸುತ್ತಾಳೆ ಎಂದೇ ಅವನ ನಂಬಿಕೆ. ಈ ಸಲ ಡಬ್ಬದ ಕೆಳಗೆ ಕಥೆಯ ಬದಲು ನೋಟೀಸು ಇದ್ದರೂ ಕೇಳುವವಳಲ್ಲ.

ಬರೆಯುವುದನ್ನು ಬಿಡಬೇಕೆಂದು ಪ್ರತಿ ಸಲ ಅಂದುಕೊಳ್ಳುವನು. "ಜನ ಕೇಳ್ತಾವ್ರೆ ಕಣಯ್ಯ" ಎಂದು ದಾಸಪ್ಪ ಅಂದಾಗ ಮಾತ್ರ ಎದೆಯಲ್ಲಿ ಏನೋ ಉಬ್ಬುತ್ತಿತ್ತು. ಆ ಉಬ್ಬಿಗೂ ಆಮೇಲೆ ನಾಚಿಕೆಯಾಗುತ್ತಿತ್ತು. ಅಚ್ಚಾದ ಪುಸ್ತಕವನ್ನು ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೇತಾಡುತ್ತಿದ್ದರೆ ಮುಖ ತಿರುಗಿಸಿ ನಡೆಯುತ್ತಿದ್ದ.

ಮುಂದಿನ ಸೀಟಿನಲ್ಲಿ ಫಸ್ಟ್ ಶಿಫ್ಟ್ ಮುಗಿಸಿದ ಇಬ್ಬರು ಹುಡುಗರು. ಟೂಲ್ ಬ್ಯಾಗಿನ ಮರೆಯಲ್ಲಿ ಒಂದು ಪುಸ್ತಕ.

"ಲೇ ಮುನಿಕೃಷ್ಣ, ಈ ರಜನಿಯಮ್ಮಂಗೆ ಇವೆಲ್ಲ ಎಲ್ಲಿಂದ ಹೊಳೀತವ್ಲಾ? ಅತ್ತೆ ಎದ್ದುಬುಡ್ತಾಳೆ ಅಂತ ಬಳೆಗೆ ಒದ್ದೆ ಬಟ್ಟೆ ಸುತ್ಕೊಂಡ್ಳಂತೆ ಕಣ್ಲಾ!"

"ಗಂಡಸು ಬರ್ದಿದ್ರೆ ಬಳೆ ಗ್ಯಾನ ಬತ್ತಿತ್ತೇನ್ಲಾ? ಹೆಂಗಸೇ ಬರ್ದಿರೋದು. ಅದ್ಕೇ ಇಷ್ಟು ರುಚಿ ಐತೆ. ತಿರುಗ್ಸು, ತಿರುಗ್ಸು."

ಅನಂತರಾಜು ಕಿಟಕಿಯತ್ತ ತಿರುಗಿದ. ಹೆಂಗಸಿನ ಹೆಸರಿದ್ದರೆ ಓಡುತ್ತದೆಂದು ದಾಸಪ್ಪ ಇಟ್ಟ ಹೆಸರು ರಜನಿ. ಬಳೆಯ ಸಂಗತಿ ಬರೆದದ್ದು ಅವನಿಗೆ ನೆನಪಿರಲಿಲ್ಲ. ಬರೆದಿರಬಹುದು. ಮಾಡಿದ ಪಾಪವನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ? ಇದೊಂದರಿಂದ ಪಾರಾದರೆ ಸಾಕು, ಇವತ್ತೇ ಭಾನುವಿನ ಕೈಹಿಡಿದು ತಪ್ಪಾಯಿತು ಅನ್ನುತ್ತೇನೆ, ಇನ್ನು ಪೆನ್ನು ಮುಟ್ಟುವುದಿಲ್ಲ ಎಂದುಕೊಂಡ.

ಪ್ರೆಸ್ಸಿನಲ್ಲಿ ದಾಸಪ್ಪ ಮದುವೆ ಕಾರ್ಡುಗಳ ನಡುವೆ ಕೂತು ಪುಸ್ತಕಗಳಿಗೆ ಪಿನ್ನು ಹೊಡೆಯುತ್ತಿದ್ದ.

"ಸೋಮವಾರದ ಕವರು ಎಲ್ಲಿ?"

"ಕವರಾ? ಅಚ್ಚೇ ಆಗೋಯ್ತಲ್ಲಯ್ಯ! ಮಾಗಡಿ, ಕನಕಪುರಕ್ಕೆ ಬೆಳಿಗ್ಗೆನೇ ಬಂಡಲ್ ಹೋಗ್ಬುಡ್ತು. ಯಾಕೆ, ಮೊಖ ಹಿಂಗ್ ಬೆಳ್ಳಗಾಗೈತೆ?"

ಅನಂತರಾಜು ಕಾಗದದ ರೀಮಿನ ಮೇಲೆ ಕುಸಿದು ಕೂತ. "ನೀನು ಓದಿದ್ಯಾ?"

"ಓದ್ದೆ ಅಚ್ಚಾಕ್ತೀನಾ?" ದಾಸಪ್ಪ ತೊಡೆ ತಟ್ಟಿಕೊಂಡು ನಕ್ಕ. "ಬೆಂಕಿ ಕಣಯ್ಯ, ಬೆಂಕಿ!"

"ಕಂಪನಿ ಹೆಸರು... ನನ್ನ ಹೆಸರು... ಹಂಗೇ ಬಿಟ್ಟಿದ್ಯಾ?"

"ಯಾವ ಕಂಪನಿ? ಬಿಸಿಲು ಏನಾರ ತಲೆಗೇರ್ತಾ? ತಗೋ, ನೀನು ಬರ್ದಿದ್ದನ್ನ ನೀನೇ ಒಸಿ ಓದು." ಒಂದು ಪ್ರತಿಯನ್ನು ಅವನ ಮಡಿಲಿಗೆ ಎಸೆದ.

ಅನಂತರಾಜು ಮೊದಲ ಬಾರಿಗೆ ತನ್ನ ಪುಸ್ತಕವನ್ನು ಬಿಡಿಸಿದ. ಪುಟ ಪುಟ ತಡಕಿದ. ಕಂಪನಿಯ ಹೆಸರಿರಲಿಲ್ಲ. ಅವನ ಹೆಸರಿರಲಿಲ್ಲ. ಮರಳಿನ ಬಕೆಟ್ಟು, ತುರ್ತು ಬಾಗಿಲು, ಸೈರನ್ನು, ಒಂದೂ ಇರಲಿಲ್ಲ. ಉಸಿರು ಬಂತು. ಮರುಗಳಿಗೆಯಲ್ಲೇ ನಿಂತಿತು. ನೋಟೀಸಲ್ಲದಿದ್ದರೆ, ಕಥೆ ಇನ್ನೂ ಬ್ಯಾಗಿನಲ್ಲೇ ಇದ್ದರೆ, ಇದು ಯಾವುದು?

ಮೊದಲ ಪುಟಕ್ಕೆ ಬಂದು, ಮೊದಲ ಸಾಲು ಓದಿದ:

'ಗಂಡ ಬರೆದಿಟ್ಟ ಕಥೆಯನ್ನು ಎಂದಿನಂತೆ ಓದದೆಯೇ ನೀರೊಲೆಗೆ ಹಾಕಿ, ಅದರ ಉರಿಯಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಅವಳು ತನ್ನ ಕಥೆ ಬರೆಯಲು ಕೂತಳು.'