ಕಂಬದ ಹಿಂದಿನ ಸೀಟು

ಕಂಬದ ಹಿಂದಿನ ಆ ಸೀಟನ್ನು ಯಾರೂ ಕೇಳಿ ಪಡೆಯುವುದಿಲ್ಲ. ಡೋರೀನ್ ಪ್ರುಯಿಟ್ ಎಂಬ ಹೆಂಗಸು ಇಡೀ ಋತುವಿಗೆ ಅದನ್ನೇ ಕೊಂಡಿದ್ದಾಳೆಂದು ತಿಳಿದಾಗ ಆರ್ಲಿಸ್‌ಗೆ ಅನುಮಾನ ಬಂತು.

ಹೆರನ್ಸ್, ಅಂದರೆ ಕೊಕ್ಕರೆಗಳು, ಎಂಬ ಬೇಸ್‌ಬಾಲ್ ತಂಡದ ಮೈದಾನದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವುದು ಅವನ ಕೆಲಸ. ಹದಿನಾಲ್ಕು ವರ್ಷದಿಂದ ನೂರ ಆರನೇ ವಿಭಾಗದ ಮೆಟ್ಟಿಲ ಮೇಲೆ, ಇರೀ ಸರೋವರದ ಗಾಳಿಗೆ ಮುಖ ಕೊಟ್ಟು ನಿಂತಿದ್ದಾನೆ. ಅಷ್ಟೂ ವರ್ಷ ತಂಡ ಸೋಲುವುದನ್ನೇ ಹೆಚ್ಚಾಗಿ ನೋಡಿದ್ದಾನೆ.

"ಮೇಡಂ, ಆ ಕಡೆ ಒಳ್ಳೊಳ್ಳೆ ಸೀಟು ಖಾಲಿ ಬಿದ್ದಿವೆ. ಇಲ್ಲಿಂದ ಚೆಂಡೆಸೆಯೋ ಪಿಚರ್ರೂ ಕಾಣಲ್ಲ, ಬ್ಯಾಟೂ ಕಾಣಲ್ಲ," ಎಂದ ಮೊದಲ ದಿನವೇ.

"ನನಗೆ ಬೇಕಾದ್ದು ಕಾಣುತ್ತೆ," ಎಂದಳು ಆಕೆ.

ಅಲ್ಲಿಂದ ಸರಿಯಾಗಿ ಕಾಣುತ್ತಿದ್ದುದು ಮೆಟ್ಟಿಲು. ಮೆಟ್ಟಿಲ ಮೇಲೆ ಆರ್ಲಿಸ್.

ಏಪ್ರಿಲ್‌ನಲ್ಲಿ ಹಿಮ ಉದುರಿದ ದಿನವೂ ಬಂದಳು. ಮೇ ತಿಂಗಳಲ್ಲಿ ತಂಡ ಸತತ ಒಂಬತ್ತು ಆಟ ಸೋತಾಗಲೂ ಬಂದಳು. ಅಗಲ ಅಂಚಿನ ಟೋಪಿ, ಮೋಡ ಕವಿದರೂ ತೆಗೆಯದ ಕಪ್ಪು ಕನ್ನಡಕ. ತೊಡೆಯ ಮೇಲೆ ಸ್ಕೋರು ಬರೆಯುವ ಪುಸ್ತಕ, ಕೈಯಲ್ಲಿ ಪೆನ್ಸಿಲು. ಹಳೇ ಅಭಿಮಾನಿಗಳು ಒಂದೊಂದು ಚೆಂಡನ್ನೂ ಅದರ ಚೌಕಗಳಲ್ಲಿ ಬರೆದಿಡುತ್ತಾರೆ. ಆರ್ಲಿಸ್ ಒಮ್ಮೆ ಇಣುಕಿದ. ಎಲ್ಲ ಚೌಕಗಳೂ ಖಾಲಿ. ಪುಟದ ಮೂಲೆಯಲ್ಲಿ ಒಂದೇ ಒಂದು ಗೀಟು.

ಕಡಲೆಕಾಯಿ ಮಾರುವ ಸ್ಟಾವ್ರೋಸ್‌ಗೆ ಹೇಳಿದರೆ ಅವನು ನಕ್ಕುಬಿಟ್ಟ.

"ಆಟ ನೋಡದೋಳು ಆಟಕ್ಕೆ ಯಾಕಯ್ಯಾ ಬರ್ತಾಳೆ? ಮನುಷ್ಯನ್ನ ನೋಡೋಕೆ ಬರ್ತಾಳೆ. ಒಂದ್ಸಲ ಕನ್ನಡಿ ನೋಡ್ಕೋ, ಮಹರಾಯ!"

"ಹೋಗೋ, ನಿನ್ನ ಕಡಲೆಕಾಯಿ ಮಾರ್ಕೋ," ಎಂದ ಆರ್ಲಿಸ್. ಮಾರನೆಯ ದಿನ ಎರಡು ಸಲ ಗಡ್ಡ ಹೆರೆದುಕೊಂಡು ಬಂದ.

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಅವನಿಗೆ ಅರವತ್ತೇಳು. ನಗುವವರು ನಗಲಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಡಬ್ಬಿಯ ಸೂಪು ಬಿಸಿ ಮಾಡಿ, ಪಾತ್ರೆ ತೊಳೆಯುವ ಜಾಗದಲ್ಲೇ ನಿಂತು ಕುಡಿಯುವುದು ಅವನ ಊಟ. ತನಗಾಗಿ ಒಬ್ಬರು ಕಂಬದ ಹಿಂದೆ ಕೂರುತ್ತಾರೆಂದರೆ ಯಾರಿಗೆ ತಾನೆ ಬೇಡ?

ಜೂನ್‌ನಲ್ಲಿ ಧೈರ್ಯ ಮಾಡಿ ಕಾಫಿ ತಂದುಕೊಟ್ಟ.

"ಮನೇಲಿ ಯಾರ್ಯಾರಿದ್ದೀರಿ?"

"ನಾನು, ರೇಡಿಯೋ." ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಮ್ಮನೆಯವರನ್ನ ಮಣ್ಣು ಮಾಡಿದ ದಿನ ಮನೇಲಿ ಉಳಿದಿದ್ದವರಿಗೆ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಆರು ವರ್ಷ ಆಯ್ತು. ಈಗ ಮಾತು ಅಂದ್ರೇನೇ ಭಯ. ಮಾತಾಡದಿದ್ರೂ ಪರವಾಗಿಲ್ಲ, ಒಂದು ಗಳಿಗೆ ಹತ್ತಿರ ಬಂದ್ರೆ ಸಾಕು."

ಆರ್ಲಿಸ್ ಒಂದು ಮೆಟ್ಟಿಲು ಹತ್ತಿರ ಬಂದು ನಿಂತ.

ಅಷ್ಟರಲ್ಲಿ ಮೂರನೇ ಇನ್ನಿಂಗ್ಸ್ ಮುಗಿದು, ಜನರನ್ನು ನಗಿಸುವ ತಂಡದ ವೇಷದ ಕೊಕ್ಕರೆ ಎಂದಿನಂತೆ ಮೆಟ್ಟಿಲು ಹತ್ತಿ ಬಂತು. ಏಳಡಿ ಎತ್ತರ, ನೀಲಿ ಗರಿ, ಹಲಗೆಯಂಥ ಅಗಲ ಪಾದ. ಬೋಳುತಲೆಗಳಿಗೆ ಮುತ್ತು ಕೊಟ್ಟಿತು, ಕುಡಿದವನೊಬ್ಬನ ಜೊತೆ ಕುಣಿಯಿತು, ದಾರಿಯಲ್ಲಿ ಸಿಕ್ಕವರನ್ನೆಲ್ಲ ತಬ್ಬಿತು. ಡೋರೀನ್‌ಳನ್ನೂ ತಬ್ಬಿತು. ದಿನದ ಪದ್ಧತಿಯಂತೆ ಆರ್ಲಿಸ್ ಅದರ ರೆಕ್ಕೆ ಹಿಡಿದು ಕೆಳಗಿಳಿಸಿದ.

"ಪಾಪ, ಅದಕ್ಕೆ ಕಣ್ಣು ಕಾಣಲ್ವಾ?" ಎಂದು ಕೇಳಿದಳು.

"ಕೊಕ್ಕಿನೊಳಗಿನ ಜಾಲರಿಯಿಂದ ಅರ್ಧಂಬರ್ಧ ಕಾಣುತ್ತಂತೆ. ಒಳಗೆ ಯಾರಿದ್ದಾರೆ ಅಂತ ನಮಗೂ ಹೇಳಲ್ಲ. ಕೊಕ್ಕರೆ ತಲೆ ಹಾಕ್ಕೊಂಡ ಮೇಲೆ ಅವನು ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಕೆಲಸ ಹೋಯ್ತು."

"ಒಳ್ಳೇ ನಿಯಮ. ನನಗೂ ಯಾರಾದ್ರೂ ಹಾಕಬೇಕಿತ್ತು," ಎಂದು ಪುಸ್ತಕ ಬಿಡಿಸಿ ಗೀಟೆಳೆದಳು.

ಸೆಪ್ಟೆಂಬರ್ ಬಂತು. ಊರಿನಲ್ಲಿ ಕೊನೆಯ ಆಟ, ಮಧ್ಯಾಹ್ನ ಒಂದಕ್ಕೆ. ಹೆರನ್ಸ್ ಪಟ್ಟಿಯ ತಳದಲ್ಲಿತ್ತು. ಆರ್ಲಿಸ್ ಹೊಸ ಟೈ ಕಟ್ಟಿಕೊಂಡಿದ್ದ. ಬಂದರಿನ ಬಳಿಯ ಹೋಟೆಲಿನಲ್ಲಿ ಹುರಿದ ಮೀನಿನ ಊಟಕ್ಕೆ ಇಬ್ಬರಿಗೆ ಮೇಜು ಹೇಳಿಟ್ಟಿದ್ದ. ಇವತ್ತು ಕೇಳದಿದ್ದರೆ ಮತ್ತೆ ಏಪ್ರಿಲ್‌ವರೆಗೆ ಆ ಸೂಪಿನ ಡಬ್ಬಿಯೇ ಗತಿ.

ಮೊದಲ ಚೆಂಡು ಬೀಳುವ ಮೊದಲೇ ಮಳೆ ಬಿತ್ತು. ಮೈದಾನಕ್ಕೆ ತಾಡಪಾಲು ಎಳೆದರು. ಎರಡು ಗಂಟೆ ಕಾದ ಮೇಲೆ ಧ್ವನಿವರ್ಧಕ ಹೇಳಿತು: ಆಟ ರದ್ದು, ಮರು ಆಟವಿಲ್ಲ, ಇವತ್ತಿನ ಟಿಕೆಟು ಮುಂದಿನ ವರ್ಷ ನಡೆಯುತ್ತದೆ. ಜನ ಚದುರಿದರು. ಡೋರೀನ್ ಏಳಲಿಲ್ಲ. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇವತ್ತು ಮೂರು ಇನ್ನಿಂಗ್ಸ್ ಆದ್ರೂ ಆಗಬೇಕಿತ್ತು," ಎಂದಳು. "ಮುಂದಿನ ವರ್ಷ... ಇಲ್ಲಿ ಕೆಲಸ ಮಾಡೋರು ಇವರೇ ಇರ್ತಾರಾ?"

ಆರ್ಲಿಸ್ ಇನ್ನೊಂದು ಮೆಟ್ಟಿಲು ಹತ್ತಿರ ಬಂದ. "ಇರದೆ ಎಲ್ಲಿಗೆ ಹೋಗ್ತೀವಿ? ಇಲ್ಲೇ ಇರ್ತೀನಿ ನಾನು."

"ನೀವು ಒಳ್ಳೆಯವರು," ಎಂದಳು ಆಕೆ, ಮೆಟ್ಟಿಲ ಕಡೆ ನೋಡುತ್ತ.

ಅವನು ಟೈ ಸರಿಮಾಡಿಕೊಂಡು ಬಾಯಿ ತೆರೆದ.

ಹಿಂದಿನಿಂದ ಪಚಪಚ ಸದ್ದು. ಕೊಕ್ಕರೆ ಒಂಟಿಯಾಗಿ ಮೆಟ್ಟಿಲು ಹತ್ತಿ ಬರುತ್ತಿತ್ತು. ನಗಿಸುವುದಕ್ಕೆ ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಆರ್ಲಿಸ್ ಅಭ್ಯಾಸಬಲದಿಂದ ಕೈ ಚಾಚಿದ, ಅದು ಹಿಡಿಯಲಿಲ್ಲ. ತಡವರಿಸದೆ ನೇರವಾಗಿ ಕಂಬ ಬಳಸಿ ಹೋಗಿ, ಒದ್ದೆ ರೆಕ್ಕೆಗಳಲ್ಲಿ ಡೋರೀನ್‌ಳನ್ನು ತಬ್ಬಿಕೊಂಡಿತು. ಟೋಪಿ ಬಿತ್ತು, ಕನ್ನಡಕ ಬಿತ್ತು. ಅದು ಬಿಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಆ ಕೊಕ್ಕಿನೊಳಗಿಂದ ಆರ್ಲಿಸ್ ಒಂದು ಸೊಲ್ಲನ್ನೂ ಕೇಳಿರಲಿಲ್ಲ.

"ಮುಂದಿನ ವರ್ಷ ಕಂಬದ ಹಿಂದೆ ಬಚ್ಚಿಟ್ಕೋಬೇಡ, ಅಮ್ಮ."